ಅಮಾವಾಸ್ಯೆಗೆ ಬಂದ ಜರ್ಮನ್ ಲಕೋಟೆ

ಯುರೋಪಿನ ಇತಿಹಾಸಕ್ಕೆ ಸಂಬಂಧಪಟ್ಟ ಅತ್ಯಂತ ಗಂಭೀರ ಪ್ರಶ್ನೆಯೊಂದು ೧೯೮೪ರ ನವೆಂಬರಿನಲ್ಲಿ ಅಣ್ಣಿಗೇರಿಯ ಬಸ್ ನಿಲ್ದಾಣದಲ್ಲಿ ಚರ್ಚೆಗೆ ಬಂತು: ಲಕೋಟೆಯೊಂದನ್ನು ದೇವರ ಜಗಲಿಯ ಮೇಲೆ ಎರಡು ದಿನ ಇಡಬಹುದೇ? ಕೇಳಿದವನು ಪೋಸ್ಟಮನ್ ಅಲ್ಲಾಭಕ್ಷ. ಇಟ್ಟವರು ಕುಬೇರಪ್ಪ, ಅವರ ಮನೆಯ ಅಟ್ಟದಲ್ಲಿ ಜರ್ಮನಿಯ ಇತಿಹಾಸಕಾರರೊಬ್ಬರು ಬಿಡಾರ ಮಾಡಿದ್ದರು. ನಾನು ಹಿಂದಿನ ಕಟ್ಟೆಯ ಮೇಲೆ ಕೂತಿದ್ದೆ.

“ಕಾಕಾ, ಗುರುವಾರ ಕೊಟ್ಟ ಲಕೋಟಿ ಸಾಹೇಬ್ರಿಗೆ ಮುಟ್ಟಸಿದ್ರೇನ್ರಿ?”

“ಗುರುವಾರ ಅಮಾಸಿ ಇತ್ತಲ್ಲೋ. ಅವರು ಕಾಯಾಕತ್ತಿದ್ದ ನೌಕರಿ ಕಾಗದ ಅಮಾಸಿ ದಿನ ಒಡೀತಾರೇನು? ನಿನ್ನೆ ಪಾಡ್ಯ, ಅದೂ ಬ್ಯಾಡ ಅಂತ ಬಿಟ್ಟೆ. ಇವತ್ತ ಪೂಜಿ ಮಾಡಿ ಕೊಟ್ಟೆ.”

“ಅಷ್ಟು ದೊಡ್ಡ ಪಂಡಿತ್ರಿಗೆ ಇನ್ನೂ ನೌಕರಿ ಇಲ್ಲೇನ್ರಿ?”

“ನಾನೂರು ವರ್ಷದ ಹಿಂದ ಅವರ ಕಡೆ ಊರಗೌಡ್ರು ಹೆಂಗ ಜಗಳಾಡ್ತಿದ್ರು ಅಂತ ಎರಡು ದಪ್ಪನ ಪುಸ್ತಕ ಬರದಾರ. ಆದ್ರ ತಾವಿದ್ದ ಕಾಲೇಜಿನ್ಯಾಗ ದೊಡ್ಡ ಪ್ರೊಫೆಸರ್ ಕುರ್ಚಿ ಕೊಡಂಗಿಲ್ಲಂತ. ಬ್ಯಾರೆ ಊರಿನವ್ರ ಕರೀಬೇಕಂತ, ನಾವು ಬ್ಯಾರೆ ಬೆಡಗಿನ್ಯಾಗ, ಅಂದ್ರ ಬ್ಯಾರೆ ಗೋತ್ರದಾಗ, ಹೆಣ್ಣು ತಂದಂಗ. ಒಂಬತ್ತು ವರ್ಷ ಕಾದಾರ.”

“ಮತ್ತ ಇಲ್ಲಿಗ್ಯಾಕ ಬಂದಾರ?”

“ನಮ್ಮ ಗೌಡ್ರ ಜಗಳಾನೂ ಹಂಗ ಅದಾವೇನು ಅಂತ ನೋಡಾಕ.”

“ಅದಾವ್ರಿ. ಕಾಗದದಾಗ ಏನಿತ್ತು?”

“ಬ್ಯಾರೆ ಊರಿನ ಕಾಲೇಜಿನವ್ರು ಕುರ್ಚಿಗೆ ಕರದಿದ್ರು. ಒಪ್ಪಿಗಿ ತಿಳಸಾಕ ನಿನ್ನೆ ಕಡೀ ದಿನ ಇತ್ತಂತ.”

“ಯಾ ಅಲ್ಲಾ! ಬೈದ್ರೇನ್ರಿ?”

“ಇಲ್ಲೋ. ಅಮಾಸಿ ದಿನ ಮತ್ತ ಏನೇನು ಮಾಡಂಗಿಲ್ಲ ಅಂತ ಕೇಳಿ, ಎಲ್ಲಾ ಬರಕೊಂಡ್ರು. ಆಮ್ಯಾಲೆ ತಾರ ಕೊಡಾಕ ಓಡಿದ್ರು.”

ಗದಗಿನ ಬಸ್ಸು ಬಂತು. ಕುಬೇರಪ್ಪ ಹತ್ತಿದರು, ಅಲ್ಲಾಭಕ್ಷ ಸೈಕಲ್ ಏರಿದ.

ತಾರ ತಡವಾಗಿ ಮುಟ್ಟಿತು; ಆ ಕುರ್ಚಿ, ಆಯ್ಕೆ ಪಟ್ಟಿಯಲ್ಲಿದ್ದ ಎರಡನೆಯವರಿಗೆ ಹೋಯಿತು.