ಪತ್ತನಾಜೆಗೆ ನಾಲ್ಕು ದಿನ ಮೊದಲು ಬೋಳು ಟಯರಿನಲ್ಲಿ ಓಡಿಸಿದ ಜೀಪಿನ ಬಗ್ಗೆ

ಹೆಸರು: ತ್ಯಾಂಪಣ್ಣ, ತಂದೆ ದಿವಂಗತ ಕೊರಗಪ್ಪ
ಪ್ರಾಯ: 41 ವರ್ಷ
ಉದ್ಯೋಗ: ಸ್ವಂತ ಜೀಪಿನಲ್ಲಿ ಬಾಡಿಗೆ ಓಡಿಸುವುದು
ವಾಸ: ಕಡಬ ಗ್ರಾಮ, ಪುತ್ತೂರು ತಾಲೂಕು

ದಿನಾಂಕ 23-5-1984ರಂದು ಬೆಳಿಗ್ಗೆ 9 ಗಂಟೆಗೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವ ಸಂಗತಿ ಹೀಗಿದೆ. ಮೂರು ದಿನದ ಹಿಂದೆ ಇಲ್ಲಿಯೇ ಕೊಟ್ಟ ಹೇಳಿಕೆಯಲ್ಲಿ, ಜೀಪಿನ ಬ್ರೇಕ್ ಹೋಗಿ ಅಪಘಾತ ಆಯಿತು ಎಂದು ಹೇಳಿದ್ದೆ. ಅದು ಸುಳ್ಳು. ಆ ಸುಳ್ಳಿನಿಂದ ಬ್ರೇಕ್ ರಿಪೇರಿ ಮಾಡಿದ ಮೆಕ್ಯಾನಿಕ್ ಮೂಸಕುಂಞಿಯವರ ಮೇಲೆ ಕೇಸು ಬೀಳುವುದರಲ್ಲಿದೆ. ಅವರದ್ದು ಎಳ್ಳಷ್ಟೂ ತಪ್ಪಿಲ್ಲ.

ನನ್ನ ಜೀಪಿಗೆ ಎರಡು ಸೆಟ್ ಟಯರುಗಳಿವೆ. ಒಂದು ಗೀರು ಆಳವಾಗಿರುವ ಒಳ್ಳೆಯ ಸೆಟ್. ತುಳು ಲೆಕ್ಕದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಸುಮಾರಿಗೆ, ಬರುವ ಪತ್ತನಾಜೆಯನ್ನು ನಾವು ಮಳೆಗಾಲದ ಬಾಗಿಲು ಎಂದು ಲೆಕ್ಕ ಹಾಕುತ್ತೇವೆ. ಆ ದಿನ ಒಳ್ಳೆಯ ಸೆಟ್ ಹಾಕಿ ದೀಪಾವಳಿಗೆ ತೆಗೆಯುತ್ತೇನೆ. ಉಳಿದ ತಿಂಗಳು ಅದು ಗೋಣಿ ಸುತ್ತಿಕೊಂಡು ಅಟ್ಟದಲ್ಲಿರುತ್ತದೆ. ಒಣ ಮಾರ್ಗಕ್ಕೆ ಸವೆದು ಬೋಳಾದ ಇನ್ನೊಂದು ಸೆಟ್. ಹನ್ನೊಂದು ವರ್ಷದಿಂದ ಹೀಗೆ ನಡೆದು ಬಂದಿದೆ. ಇದರಲ್ಲಿ ನನಗೆ ಬಹಳ ಜಂಬ ಇತ್ತು. ಜೀಪು ನಿಲ್ಲುವಲ್ಲಿ ನಾನು ಇದನ್ನು ಹೇಳದ ದಿನ ಇಲ್ಲ.

ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ ಪತ್ರೋಸ್ ಎಂಬವರು ಹಿಂದೆ ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಕಾಶ್ಮೀರದಲ್ಲಿ ಚಳಿಗಾಲಕ್ಕೆಂದೇ ಬೇರೆ ಟಯರು ಹಾಕುತ್ತಿದ್ದರು ಎಂದು ಅವರು ಒಮ್ಮೆ ಹೇಳಿದ್ದರು. ನೋಡಿ, ನನ್ನದೂ ಮಿಲಿಟರಿ ಲೆಕ್ಕವೇ ಎಂದು ನಾನು ಎದೆಯುಬ್ಬಿಸಿದೆ. ಅಲ್ಲಿ ಹಿಮ ಬೀಳ್ತದೆ ತ್ಯಾಂಪಣ್ಣ, ಇಲ್ಲಿ ಎಂತ ಬೀಳುದು, ಈ ಊರಿನ ಹವೆಗೆ ಒಂದೇ ಒಳ್ಳೆ ಟಯರು ವರ್ಷ ಇಡೀ ಸಾಕಲ್ಲ ಎಂದು ಅವರು ನಕ್ಕರು. ನಾನು ಮಾತ್ರ ಮೊದಲಿನ ಅರ್ಧವನ್ನೇ ಊರಿಡೀ ಹೇಳಿಕೊಂಡು ತಿರುಗಿದೆ.

ದಿನಾಂಕ 17ರಂದು ಗುರುವಾರ ಕಡಬ ಪೇಟೆಯಲ್ಲಿ ಮೂಸಕುಂಞಿಯವರು ಜೀಪಿಗೆ ಹೊಸ ಬ್ರೇಕ್ ಪೈಪ್ ಹಾಕಿಕೊಟ್ಟರು. ಅವರಿಗೆ 53 ವರ್ಷ, ನಾನು ಮೂಸಾಕ ಎಂದು ಕರೆಯುತ್ತೇನೆ. ಕೆಲಸ ಮುಗಿಸಿ ಹಿಂದಿನ ಟಯರಿನ ಮೇಲೆ ಕೈ ಆಡಿಸಿ, ಇದು ಟಯರಾ, ನನ್ನ ತಲೆಯಾ, ಒಂದು ಗೀರು ಇಲ್ಲವಲ್ಲ ಮಾರಾಯ ಎಂದರು. ಬ್ರೇಕ್ ಹಿಡಿಯುದು ಚಕ್ರವನ್ನು, ಮಾರ್ಗವನ್ನು ಹಿಡಿಯುದು ಟಯರು, ಒಳ್ಳೆದನ್ನು ಅಟ್ಟದಲ್ಲಿ ಮಲಗಿಸಿ ಬೋಳಿನಲ್ಲಿ ಓಡುದು ಎಂತ ಬುದ್ಧಿ ಎಂದೂ ಹೇಳಿದರು. ಪತ್ತನಾಜೆ ಆಗ್ಲಿ ಮೂಸಾಕ, ಮಳೆಗೆ ನಿಮ್ಮನ್ನು ಕೇಳ್ಲಿಕ್ಕೆ ಉಂಟಾ ಎಂದು ನಾನು ತಮಾಷೆ ಮಾಡಿದೆ.

ದಿನಾಂಕ 19ರಂದು ಸಂಜೆ 5.30ಕ್ಕೆ ಇಪ್ಪತ್ತು ನಿಮಿಷ ಮಳೆ ಬಂತು. ಹೆಂಡತಿ ಪಂಕಜಾಕ್ಷಿ ಅಟ್ಟದಿಂದ ಟಯರು ಇಳಿಸುವ ಎಂದು ಎರಡು ಸಲ ಹೇಳಿದಳು. ಪತ್ತನಾಜೆಗೆ ಇನ್ನೂ ಐದು ದಿನ ಉಂಟು, ನಿನಗೆ ಎಂತ ಗೊತ್ತುಂಟು ಎಂದು ರೇಗಿದೆ. ನಿಜ ಸಂಗತಿ ಬೇರೆ. ಕಳೆದ ವರ್ಷ, ನನ್ನ ಹಾಗೆಯೇ ಬಾಡಿಗೆ ಜೀಪು ಓಡಿಸುವ ಮಹಾಬಲ ಪತ್ತನಾಜೆಗೆ ಮೊದಲೇ ಟಯರು ಬದಲಿಸಿದ್ದಕ್ಕೆ, ಅವನಿಗೆ ಹನಿ ಬಿದ್ದರೆ ಜ್ವರ ಬರ್ತದೆ ಎಂದು ಎಲ್ಲರ ಎದುರು ಒಂದು ವಾರ ಲೇವಡಿ ಮಾಡಿದವನು ನಾನು. ಈಗ ನಾನೇ ಬದಲಿಸಿದರೆ ಅವನು ಬಿಡುತ್ತಾನಾ? ಇದು ಕೇಸಿಗೆ ಬೇಡ ಎಂದು ರೈಟರ್ ಸಾಹೇಬರು ಹೇಳಿದರು. ಬರೆಯಿರಿ ಎಂದು ನಾನೇ ಕೇಳಿಕೊಂಡಿದ್ದೇನೆ. ಇಷ್ಟು ಸಣ್ಣ ವಿಷಯಕ್ಕೆ ಒಬ್ಬರ ಕಾಲು ಮುರಿಯಿತು.

ದಿನಾಂಕ 20ರಂದು ಭಾನುವಾರ ಬೆಳಿಗ್ಗೆ 6.40ಕ್ಕೆ ಪತ್ರೋಸ್ ಮತ್ತು ಅವರ ಹೆಂಡತಿ ಕುಟ್ಟಿಯಮ್ಮ, 50 ವರ್ಷ, ಇವರನ್ನು ಇಗರ್ಜಿಗೆ ಕರೆದುಕೊಂಡು ಹೊರಟೆ. 6.55ಕ್ಕೆ ಹನಿ ಶುರುವಾಯಿತು. ಸ್ವಲ್ಪ ನಿಧಾನ ಹೋಗುವ ಎಂದು ಕುಟ್ಟಿಯಮ್ಮ ಹೇಳಿದರು. ಪೂಜೆಗೆ ತಡ ಆಗ್ತದೆ ಚೇಟತ್ತಿ, ಹೆದರ್ಬೇಡಿ ಎಂದೆ. 7 ಗಂಟೆಗೆ ನಮ್ಮ ಮನೆಯ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ ಬ್ರೇಕ್ ಒತ್ತಿದೆ. ಚಕ್ರಗಳು ನಿಂತವು, ಜೀಪು ನಿಲ್ಲಲಿಲ್ಲ. ಸುಮಾರು 35 ಅಡಿ ಜಾರಿಕೊಂಡು ಹೋಗಿ ಎಡಬದಿಯ ಎತ್ತರದ ಮಣ್ಣಿನ ಧರೆಗೆ ಬಡಿಯಿತು. ಹಿಂದೆ ಕೂತಿದ್ದ ಕುಟ್ಟಿಯಮ್ಮ ಹೊರಗೆ ಬಿದ್ದರು. ಅವರ ಬಲತೊಡೆಯ ಮೂಳೆ ಮುರಿದಿದೆ. ಕುಪ್ಪಸದ ಹಾಗಿನ ಅವರ ಬಿಳಿ ಚಟ್ಟೆ ಇಡೀ ಕೆಸರಾಗಿತ್ತು. ಆ ನೋವಿನಲ್ಲೂ ಅವರು ಮುಂಡಿನ ಅಂಚನ್ನು ಕಾಲಿನ ಮೇಲೆ ಎಳೆದುಕೊಳ್ಳುತ್ತಿದ್ದರು. ಹಿಂದಿನಿಂದ ಬಂದ ಕಾರಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು.

ಪತ್ರೋಸರನ್ನು ಅಲ್ಲಿಯೇ ಬಿಟ್ಟು ನಾನು 11.30ಕ್ಕೆ ಮನೆಗೆ ಬಂದೆ. ಪೊಲೀಸರು ಇನ್ನೂ ಸ್ಥಳಕ್ಕೆ ಬಂದಿರಲಿಲ್ಲ. ಅಟ್ಟದಿಂದ ಒಳ್ಳೆಯ ಟಯರುಗಳನ್ನು ಇಳಿಸಿ, ಕೈಗಾಡಿಯಲ್ಲಿ ಜೀಪು ಇದ್ದಲ್ಲಿಗೆ ಒಯ್ದು, ಒಬ್ಬನೇ ಜಾಕ್ ಕೊಟ್ಟು ನಾಲ್ಕನ್ನೂ ಬದಲಿಸಿದೆ. ಮುಗಿಯುವಾಗ 2.45. ಆಗ ಒಂದು ಯೋಚನೆ ಬಂತು. ಟಯರು ಒಳ್ಳೆಯದೇ ಇದ್ದರೆ ಜೀಪು ಜಾರಿದ್ದು ಹೇಗೆ ಎಂದು ಕೇಳುವುದಿಲ್ಲವೇ? ಸ್ಪಾನರ್ ಕೈಯಲ್ಲೇ ಇತ್ತು. ಜೀಪಿನ ಅಡಿಗೆ ಹೋಗಿ ಮೂಸಕುಂಞಿಯವರು ಬಿಗಿದಿದ್ದ ಬ್ರೇಕ್ ಪೈಪಿನ ನಟ್ಟನ್ನು ಒಂದೂವರೆ ಸುತ್ತು ಸಡಿಲ ಮಾಡಿದೆ. ಅದು ಸುಲಭಕ್ಕೆ ತಿರುಗಲಿಲ್ಲ, ಅಷ್ಟು ಗಟ್ಟಿ ಬಿಗಿದಿದ್ದರು. ಪೆಡಲ್ ಒತ್ತಿ ಒತ್ತಿ ಆಯಿಲ್ ಮಣ್ಣಿಗೆ ಇಳಿಯುವ ಹಾಗೆ ಮಾಡಿದೆ. 4 ಗಂಟೆಗೆ ಪೊಲೀಸರು ಬಂದಾಗ ಬ್ರೇಕ್ ಹೋಯಿತು ಸಾರ್ ಎಂದೆ, ಆಮೇಲೆ ಠಾಣೆಯಲ್ಲೂ ಅದನ್ನೇ ಬರೆಸಿದೆ. ಕಣ್ಣೀರು ಕೂಡ ಹಾಕಿದೆ. ಥೂ, ನನ್ನ ಜನ್ಮಕ್ಕೆ.

ದಿನಾಂಕ 21ರಂದು ಮೂಸಕುಂಞಿಯವರನ್ನು ಕರೆಸಿ ನಟ್ಟು ತೋರಿಸಿದರು. ನಾನು ಪಕ್ಕದಲ್ಲೇ ಇದ್ದೆ. ಅವರು ಜಗಳ ಮಾಡುತ್ತಾರೆ, ನಾನೂ ಮಾಡುವ ಎಂದು ತಯಾರಾಗಿ ನಿಂತಿದ್ದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ನಾನು ಬಿಗಿದ ಹಾಗೆ ನೆನಪು ಸಾರ್, ಆದರೆ ತ್ಯಾಂಪಣ್ಣ ಸುಳ್ಳು ಹೇಳುವ ಜನ ಅಲ್ಲ, ನನ್ನ ಕೈಯೇ ತಪ್ಪಿರ್ಬೇಕು ಎಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ನಿನ್ನೆ 22ರಂದು ಸಂಜೆ 4 ಗಂಟೆಗೆ ಅವರ ಗ್ಯಾರೇಜಿನ ಎದುರು ಹೋಗುವಾಗ ಬಾಗಿಲು ಹಾಕಿತ್ತು. ಅರ್ಧ ರಿಪೇರಿಯಾದ ಎರಡು ಗಾಡಿಗಳನ್ನು ಅವುಗಳ ಮಾಲಕರು ಎಳೆದುಕೊಂಡು ಹೋಗಿದ್ದರು. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, ನಿನ್ನ ಜೀವ ಉಳಿಯಿತಲ್ಲ, ಅದು ದೊಡ್ಡದು ಎಂದರು. ಮೂವತ್ತು ವರ್ಷ ಈ ಕೆಲಸ ಮಾಡಿದೆ ತ್ಯಾಂಪಣ್ಣ, ಇನ್ನು ಬ್ರೇಕ್ ಮುಟ್ಲಿಕ್ಕೆ ಧೈರ್ಯ ಇಲ್ಲ, ನನ್ನಿಂದಾಗಿ ಆ ಹೆಂಗಸಿನ ಕಾಲು ಹೋಯಿತು, ಮನ್ನಿಸಬೇಕು ಎಂದು ನನ್ನ ಕೈ ಹಿಡಿದರು. ಮನ್ನಿಸಬೇಕಂತೆ, ನಾನು! ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಿಕ್ಕಾಗಲಿಲ್ಲ. ಕೈ ಬಿಡಿಸಿಕೊಂಡು ಬಂದೆ. ಮನೆಯಲ್ಲಿ ಪಂಕಜಾಕ್ಷಿಗೆ ಎಲ್ಲ ಹೇಳಿದೆ. ಅವಳು, ಇದನ್ನು ನನಗೆ ಹೇಳಿ ಎಂತ ಪ್ರಯೋಜನ ಎಂದು ಕೇಳಿದಳು.

ಆ ದಿನ ಕೈಗಾಡಿಯಲ್ಲೇ ವಾಪಸ್ ತಂದು ಬಚ್ಚಿಟ್ಟ ಬೋಳು ಟಯರುಗಳು ನಮ್ಮ ದನದ ಕೊಟ್ಟಿಗೆಯ ಹಿಂದೆ ಸೊಪ್ಪಿನ ರಾಶಿಯ ಅಡಿಯಲ್ಲಿವೆ. ಬಂದು ತೋರಿಸಲು ತಯಾರಿದ್ದೇನೆ.

ನನ್ನ ಕೋರಿಕೆಯಂತೆ ಮೂಸಕುಂಞಿಯವರನ್ನು ಕರೆಸಿ, 10.40ಕ್ಕೆ ಇಷ್ಟನ್ನೂ ಅವರ ಎದುರು ಓದಿ ಹೇಳಿದರು. ಅವರು ನಿಂತುಕೊಂಡೇ ಕೇಳಿದರು. ಬೈಯಲಿಲ್ಲ. ಓದಿ ಆದ ಮೇಲೆ, ಹಾಗಾದರೆ ಒತ್ತಿದಾಗ ಬ್ರೇಕ್ ಹಿಡಿದಿತ್ತಾ ಎಂದು ಮಾತ್ರ ಕೇಳಿದರು. ಹಿಡಿದಿತ್ತು, ನಾಲ್ಕೂ ಚಕ್ರ ಒಟ್ಟಿಗೆ ಹಿಡಿದಿತ್ತು ಎಂದೆ. ಅವರು ಟೊಪ್ಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡರು. ಗ್ಯಾರೇಜ್ ತೆರೆಯಲಿಕ್ಕೆ ಹೊತ್ತಾಯಿತು, ಹೋಗಬಹುದಾ ಎಂದು ಎಸ್.ಐ. ಸಾಹೇಬರನ್ನು ಕೇಳಿ ಹೋದರು. ನನ್ನ ಕಡೆ ನೋಡಲಿಲ್ಲ.

ಈ ಕೊನೆಯ ಮಾತುಗಳನ್ನೂ ಸೇರಿಸಿ ಓದಿಸಿ ಕೇಳಿದ್ದೇನೆ. ನಡೆದದ್ದು ಇದೇ, 20ನೇ ತಾರೀಕು ಹೇಳಿದ್ದಲ್ಲ.

ಸ್ಥಳ: ಕಡಬ
ದಿನಾಂಕ: 23-5-1984, ಬೆಳಿಗ್ಗೆ 11.05
ಹೇಳಿ ಬರೆಸಿದವನ ಸಹಿ: ತ್ಯಾಂಪಣ್ಣ