ಚಂದ್ರಲೋಕದ ಎರಡನೇ ಟೋಪಿ

ಲಾಟೀನಿನ ಬತ್ತಿ ಸ್ವಲ್ಪ ಇಳಿಸ್ರೋ ಮಕ್ಕಳಾ. ಪೂರ್ತಿ ಆರಿಸಬೇಡಿ. ಭಯ ನನಗಲ್ಲ, ನಿಮಗಾಗತ್ತೆ ಅಂತ ಹೇಳಿದೆ. ಬೇಲೂರಿನಿಂದ ಅರಸೀಕೆರೆವರೆಗೆ ಯಾರನ್ನ ಬೇಕಾದರೂ ಕೇಳಿ, ಈ ನಾಣಿ ಮಾವ ದೆವ್ವಕ್ಕೆ ಹೆದರಿ ಓಡಿದ್ದನ್ನ ಕಂಡವರು ಒಬ್ಬರೂ ಇಲ್ಲ. ಓಡಿದಾಗ ಕತ್ತಲಿತ್ತು, ಅದಕ್ಕೆ.

ಇದು ಸ್ಪುಟ್ನಿಕ್ ಹಾರಿದ ಮಾರನೇ ವರ್ಷ ನಡೆದದ್ದು. ನಮ್ಮ ದೊಡ್ಡಪ್ಪನ ಮಗ ಅನಂತರಾಮು ಹಳೇಬೀಡಿನ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಲ್ಲಿ ಮನೆ ಸಿಕ್ಕದೆ ಹುಲಿಕೆರೆಯಲ್ಲಿ, ಊರ ಹೊರಗಿನ ಒಂಟಿ ಮನೆಯೊಂದರಲ್ಲಿ ಇದ್ದ. ಬಾಗಿಲು ತೆಗೆದರೆ ಎದುರಿಗೆ ಕಲ್ಯಾಣಿ. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಮದುವೆ ಇಲ್ಲ. ಹೆಣ್ಣು ನೋಡೋಕೆ ಕರ್ಕೊಂಡು ಹೋದ ಕಡೆಯೆಲ್ಲ ಹುಡುಗೀನ ಬಿಟ್ಟು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ಕೊಂಡು ಬಂದವನು. ಮಾತು ಬಹಳ ಕಮ್ಮಿ. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸ್ತೀನಿ ಅಂತ ಬೇಲೂರಿನಲ್ಲೆಲ್ಲ ನನಗೆ ಹೆಸರಿತ್ತು.

ಆ ವರ್ಷ ದೀಪಾವಳಿಗೆ ಅವನು ಬರಲಿಲ್ಲ. ಕಾಗದ ಬರೆದರೆ ಉತ್ತರವಿಲ್ಲ. ನಮ್ಮಮ್ಮ ಶ್ರೀರಂಗಮ್ಮ ಪುಳಿಯೋಗರೆ ಕಲಸಿ, ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು.

"ನಾಣಿ, ಹೋಗಿ ಅವನನ್ನ ಕರ್ಕೊಂಡು ಬಾ. ಇನ್ನು ಮೇಲೆ ನಮ್ಮ ಮನೇಲೇ ಇರಲಿ. ನೀನು ಆ ಹುಡುಗನ ಹೊಸ್ತಿಲು ತುಳಿದು ಎರಡು ವರ್ಷ ಆಯ್ತು, ನಾಚಿಕೆ ಆಗಲ್ವಾ?"

"ಬರಲ್ಲ ಅಂದ್ರೆ ಭುಜದ ಮೇಲೆ ಹೊತ್ಕೊಂಡು ಬರ್ತೀನಿ, ನೋಡ್ತಿರು" ಅಂದೆ.

ಬಸ್ಸು ದಾರಿಯಲ್ಲಿ ಕೆಟ್ಟು ಹಳೇಬೀಡು ಸೇರುವಾಗ ರಾತ್ರಿ ಒಂಬತ್ತೂವರೆ. ಅಲ್ಲಿಂದ ಹುಲಿಕೆರೆಗೆ ನಡಿಗೆ. ಚಂದ್ರ ಹುಟ್ಟಿರಲಿಲ್ಲ. ನನ್ನ ಮೆಟ್ಟು ಕಿರ್ರ್… ಕಿರ್ರ್… ಅಂತಿತ್ತು. ಕಲ್ಯಾಣಿ ಹತ್ತಿರದ ಆಲದ ಮರದ ಕೆಳಗೆ ಬಂದೆ. ಜೀರುಂಡೆ ಕೂಗು ನಿಂತಿತು. ಎಲ್ಲ ಒಟ್ಟಿಗೆ… ಯಾರೋ ಬಾಯಿ ಮುಚ್ಚಿದ ಹಾಗೆ.

ಆಗ ಕೆಳಗಿನಿಂದ ಕೇಳಿಸಿತು.

ಗುಳು… ಗುಳು… ಗುಳು…

ಆಮೇಲೆ ಗಡಿಗೆಯೊಳಗೆ ಮುಖ ಇಟ್ಟು ಮಾತಾಡಿದ ಹಾಗೆ ಒಂದು ದನಿ. "ಆಯ್ತು… ನಿಮ್ಮದು?"

ಬಗ್ಗಿ ನೋಡಿದೆ. ನೀರಿನ ಅಂಚಿನ ಮೆಟ್ಟಿಲ ಮೇಲೆ ಒಂದು ಲಾಟೀನು. ಅದರ ಪಕ್ಕ ಒಂದು ಆಕಾರ ಕೂತಿತ್ತು. ಮೈ ಮನುಷ್ಯನದು. ತಲೆ ಮಾತ್ರ ದೊಡ್ಡ ಗುಡಾಣದ ಹಾಗೆ ಗುಂಡಗೆ, ಬೆಳ್ಳಗೆ ಹೊಳೀತಿತ್ತು. ಬಾಯಿ ಇರಬೇಕಾದ ಜಾಗದಿಂದ ಕರುಳಿನ ಹಾಗೆ ಏನೋ ಹೊರಟು ನೀರಿಗೆ ಇಳಿದಿತ್ತು.

ನಾನು ಓಡಲಿಲ್ಲ. ನನ್ನ ಕಾಲು ಓಡಿತು. ಮಿಕ್ಕ ನಾನು ಧೈರ್ಯವಾಗಿ ಅದರ ಮೇಲೇ ಇದ್ದೆ. ಆಲದ ಬೇರು ತಗಲಿ ಬೋರಲು ಬಿದ್ದೆ. ಹಿಂದಿನಿಂದ ಬರಿಗಾಲಿನ ಸದ್ದು… ಥಪ್… ಥಪ್… ಥಪ್. ಆ ತಲೆ ನನ್ನ ಮೇಲೆ ಬಗ್ಗಿತು. ಆ ಆಕಾರ ಎರಡೂ ಕೈಯಿಂದ ತನ್ನ ತಲೆಯನ್ನ ತಾನೇ ಕಿತ್ತುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡಿತು.

"ನಾಣಿ? ಪುಳಿಯೋಗರೆ ವಾಸನೆ ಬಂತು. ಚಿಕ್ಕಮ್ಮ ಕಳಿಸಿದ್ದಾ?"

ಅನಂತರಾಮು! ನಾಲ್ಕು ಬೈದೆ. ಆಮೇಲೆ, ಬಿದ್ದದ್ದು ಬೇಕೂಂತಲೇ ಅಂತ ಹೇಳಿದೆ. ಅವನು ನಂಬಿದ ಹಾಗೆ ಮಾಡಿದ. ಒಳ್ಳೆಯವನು.

ಮನೆಯೊಳಗೆ ಹೋದ ಮೇಲೆ ಆ ತಲೆಯನ್ನ ದೀಪದ ಬೆಳಕಿನಲ್ಲಿ ನೋಡಿದೆ. ನೋಡಿದ ತಕ್ಷಣ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ನಾವಿಬ್ಬರೂ ಅರಸೀಕೆರೆ ಟೆಂಟ್ ಸಿನಿಮಾದಲ್ಲಿ ಒಂದು ಇಂಗ್ಲಿಷ್ ಚಿತ್ರ ನೋಡಿದ್ದೆವು. ಅದರಲ್ಲಿ ಚಂದ್ರಲೋಕಕ್ಕೆ ಹೋದವರು ಗಾಜಿನ ಕಿಟಕಿ ಇರುವ ದೊಡ್ಡ ಟೋಪಿ ಹಾಕಿಕೊಂಡಿರ್ತಾರೆ. ಅಲ್ಲಿ ಗಾಳಿ ಇಲ್ಲವಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಮಾತಾಡಬೇಕಾದರೆ ಇವನ ಟೋಪಿಯಿಂದ ಅವನ ಟೋಪಿಗೆ ಒಂದು ಪೈಪು ಸಿಕ್ಕಿಸಬೇಕು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಅನಂತು ನಕ್ಕಿರಲಿಲ್ಲ. ಹೊರಗೆ ಬಂದ ಮೇಲೆ, "ನಮ್ಮಲ್ಲಿ ಗಾಳಿ ಇದೆ. ಆದರೂ…" ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ್ದ. "ಆದರೂ ಏನು?" ಅಂತ ನಾನು ಕೇಳಲಿಲ್ಲ. ಕಡಲೆಕಾಯಿ ತಿಂತಿದ್ದೆ.

ಅವತ್ತಿನಿಂದ ಆ ಟೋಪಿಯನ್ನ ಸಿನಿಮಾದಲ್ಲಿ ಇದ್ದ ಹಾಗೇ ಮಾಡಬೇಕು ಅಂತ ಕೂತಿದ್ದಾನೆ ಪುಣ್ಯಾತ್ಮ. ಮೊದಲನೆಯದು ಸೀಮೆಎಣ್ಣೆ ಡಬ್ಬದಲ್ಲಿ ಮಾಡಿದ್ದು. ಕಿವಿ ಕೊಯ್ದುಕೊಂಡ, ಕಲೆ ಇನ್ನೂ ಇದೆ. ಆಮೇಲೆ ಹೆಂಗಸರು ಕಾಗದದ ಬುಟ್ಟಿ ಮಾಡ್ತಾರಲ್ಲ, ಅದೇ ಉಪಾಯ. ಹಳೇ ಪೇಪರ್ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿ, ಬೋರಲು ಹಾಕಿದ ಗುಡಾಣದ ಮೇಲೆ ಪದರ ಪದರವಾಗಿ ಮೆತ್ತಿ, ಒಣಗಿದ ಮೇಲೆ ಗುಡಾಣ ಒಡೆದು ತೆಗೆಯೋದು. ಮೂರು ಸೊಟ್ಟಗಾದವು. ನಾಲ್ಕನೆಯದು ಸರಿಬಂತು. ಮೇಲೆ ಬೆಳ್ಳಿ ಬಣ್ಣ. ಬಾಯಿಗೆ ಬಿಕ್ಕೋಡಿನ ಕಾಫಿ ತೋಟದಲ್ಲಿ ಔಷಧಿ ಹೊಡೆಯೋ ಪಂಪಿನ ರಬ್ಬರ್ ಪೈಪು. ಕಿಟಕಿಗೆ ಗಾಜು ಎಲ್ಲಿಂದ ಬಂತು ಅಂತ ಗೋಡೆ ನೋಡಿದೆ. ದೊಡ್ಡಪ್ಪ ದೊಡ್ಡಮ್ಮನ ಫೋಟೋ ಗಾಜಿಲ್ಲದೆ ನೇತಾಡ್ತಿತ್ತು.

"ಇಷ್ಟೆಲ್ಲ ಮಾಡಿ ಕಲ್ಯಾಣೀಲಿ ಯಾರ ಜೊತೆ ಮಾತಾಡ್ತಿದ್ದೆಯೋ? ಕಪ್ಪೆ ಜೊತೆಯೋ?" ಅಂದೆ.

ಅವನು ಎಲೆ ಮುಂದೆ ಕೂತು ಪುಳಿಯೋಗರೆ ನಿಧಾನವಾಗಿ ತಿಂತಿದ್ದ. ಪಿಸುಗುಟ್ಟಿದ. "ಪೈಪಿನ ಸಂದೀಲಿ ಗಾಳಿ ಸೋರತ್ತಾ ಅಂತ ನೋಡಬೇಕಿತ್ತು. ಸೈಕಲ್ ಅಂಗಡಿಯವನು ಪಂಕ್ಚರ್ ನೋಡೋಕೆ ಟ್ಯೂಬನ್ನ ನೀರಲ್ಲಿ ಅದ್ದಲ್ವಾ, ಹಾಗೆ ಪೈಪಿನ ತುದಿ ಅದ್ದಿ ಊದಿದೆ. ಗುಳ್ಳೆ ಎದ್ದವು. ನಿಂತವು. ಆಮೇಲೆ…"

"ಆಮೇಲೆ?"

"ಊಟ ಆಯ್ತಾ ಅಂತ ಕೇಳಿದ್ರು."

"ಯಾರು?"

"ಹೆಂಗಸಿನ ದನಿ. ಗೊತ್ತಿಲ್ಲ. ನಾನು ಯಾರು ಅಂತ ಅವರೂ ಕೇಳಿಲ್ಲ."

ಕತ್ತಲಲ್ಲಿ ಯಾರಾದರೂ ಕೂಗಿದರೆ ಮೂರು ಸಲ ಕೂಗೋ ತನಕ ಓ ಅನ್ನಬಾರದು ಅಂತ ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಇವನು ಮೊದಲನೇ ಸಲಕ್ಕೇ ಉತ್ತರ ಕೊಟ್ಟಿದ್ದ.

"ಯಾಕೋ ಕೊಟ್ಟೆ, ದಡ್ಡ?"

"ಊಟ ಆಯ್ತಾ ಅಂತ ಕೇಳಿದ್ರು ಕಣೋ ನಾಣಿ. ಈ ಮನೆಗೆ ಬಂದ ಮೇಲೆ ಯಾರೂ ಕೇಳಿರಲಿಲ್ಲ."

ಗಂಟಿನಲ್ಲಿ ಉಳಿದಿದ್ದ ಪುಳಿಯೋಗರೆಯನ್ನೂ ಅವನ ಎಲೆಗೆ ಸುರಿದೆ.

ಆಮೇಲೆ ದಿನಾ ರಾತ್ರಿ ಹೋಗ್ತಿದ್ದನಂತೆ. ಮೊದಲು ಅರ್ಧಂಬರ್ಧ ಕೇಳ್ತಿತ್ತು. ಸಂದಿಗೆ ಅರಗು ಕಾಯಿಸಿ ಹಾಕಿದ, ಇನ್ನಷ್ಟು ಕೇಳಿತು. ದಿಂಬು ಬಿಚ್ಚಿ ಹತ್ತಿ ತೆಗೆದು, ತೆಳು ಬಟ್ಟೆಯಲ್ಲಿ ಸುತ್ತಿ, ಮೈದಾ ಅಂಟಿನಿಂದ ಒಳಗೆಲ್ಲ ಮೆತ್ತಿದ. ಹೊರಗಿನ ಸದ್ದು ಒಂದೂ ಒಳಗೆ ಬರಲಿಲ್ಲ. ಮಾತೆಲ್ಲ ಸ್ಪಷ್ಟವಾಯಿತು.

"ಈಗ ಉಸಿರೂ ಕೇಳತ್ತೆ" ಅಂದ.

"ನಿಂದೇ ಇರಬೇಕು."

"ನಾನು ಬಿಗಿ ಹಿಡಿದು ನೋಡಿದ್ದೀನಿ."

ಮೂಲೆಯಲ್ಲಿ ಇನ್ನೊಂದು ಟೋಪಿ ಇತ್ತು, ಆಗಷ್ಟೇ ಬಣ್ಣ ಹಚ್ಚಿದ್ದು. ಮೊದಲಿನದಕ್ಕಿಂತ ಸಣ್ಣದು, ಅಚ್ಚುಕಟ್ಟು, ಒಳಗೆ ಅದೇ ಥರ ಹತ್ತಿ ಮೆತ್ತಿದ್ದು. ಅದರ ಕಿಟಕಿಗೆ ಕ್ಷೌರದ ಕನ್ನಡಿಯ ಹಿಂದಿನ ರಸ ಕೆರೆದು ಹಾಕಿದ್ದ.

"ಇದು ಯಾರಿಗೆ?"

"ನನ್ನ ಮಾತು ಅವರಿಗೆ ಸರಿಯಾಗಿ ಕೇಳಲ್ವಂತೆ. ನೀರು ಅಡ್ಡ ಬರತ್ತಂತೆ. ನಾಳೆ ಕೊಡ್ತೀನಿ ಅಂದಿದ್ದೀನಿ."

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಸೊಳ್ಳೆ ಬಹಳ.

ಬೆಳಿಗ್ಗೆ ಊರ ಕಡೆಯಿಂದ ದೇವೀರಪ್ಪ ಅನ್ನೋ ರೈತ ಹಾಲು ಕೊಡೋಕೆ ಬಂದ. ನನ್ನನ್ನ ಬೇಲಿ ಹತ್ತಿರ ಕರೆದು ದನಿ ತಗ್ಗಿಸಿದ. "ಸ್ವಾಮೇರ, ಮೇಷ್ಟ್ರನ್ನ ಇವತ್ತೇ ಕರ್ಕಂಡೋಗ್ಬುಡಿ. ಆ ನೀರು ಒಳ್ಳೇದೇ ಐತೆ, ಆದ್ರೆ ಒಂಟಿ ಐತೆ. ನಮ್ಮ ಹೆಂಗಸ್ರು ಅಲ್ಲಿಗೆ ಒಬ್ಬೊಬ್ರೇ ಇಳಿಯಾಕಿಲ್ಲ. ಇಬ್ರು ಇದ್ರೆ ಏನೂ ಇಲ್ಲ."

"ನಾನಿದ್ದೀನಲ್ಲ, ನಾಲ್ಕು ಜನಕ್ಕೆ ಸಮ" ಅಂದೆ. ಅವನು ನನ್ನ ಮಂಡಿ ತರಚಿದ್ದು ನೋಡ್ತಿದ್ದ.

ಹಗಲೆಲ್ಲ ಹೇಳಿದೆ. ಬಾ ಅಂದೆ, ಬೈದೆ, ಕಾಲು ಹಿಡೀತೀನಿ ಅಂದೆ. ಅವನದು ಒಂದೇ ಮಾತು. "ನಾಳೆ ಬರ್ತೀನಿ. ಇವತ್ತು ಕೊಡ್ತೀನಿ ಅಂತ ಹೇಳಿಬಿಟ್ಟಿದ್ದೀನಿ."

ರಾತ್ರಿ ಇಬ್ಬರೂ ಇಳಿದೆವು. ಚಳಿ. ಕಲ್ಯಾಣಿ ತುಂಬಿತ್ತು, ನೀರು ಅಲುಗಾಡ್ತಿರಲಿಲ್ಲ. ಅನಂತು ತನ್ನ ಟೋಪಿ ಹಾಕಿಕೊಂಡ. ಪೈಪಿನ ಇನ್ನೊಂದು ತುದಿಯನ್ನ ಸಣ್ಣ ಟೋಪಿಗೆ ಸಿಕ್ಕಿಸಿದ… ಟಕ್. ಅದನ್ನ ನೀರೊಳಗಿನ ಮೊದಲನೇ ಮೆಟ್ಟಿಲ ಮೇಲೆ ಎರಡೂ ಕೈಯಿಂದ ಇಟ್ಟ.

ಕಾಗದದ ಟೋಪಿ. ತೇಲಬೇಕು. ತೇಲಲಿಲ್ಲ.

ನಿಂತಿತ್ತು… ಆಮೇಲೆ ಒಂದು ಮೆಟ್ಟಿಲು ಇಳಿಯಿತು. ನಿಂತಿತು. ಇನ್ನೊಂದು ಮೆಟ್ಟಿಲು. ಒಂದು ಚೂರೂ ವಾಲದೆ, ತಲೆಯ ಮೇಲೆ ಇಟ್ಟುಕೊಂಡು ಯಾರೋ ನಡೆದು ಇಳಿದ ಹಾಗೆ. ಲಾಟೀನಿನ ಬೆಳಕು ಹೋಗುವಷ್ಟು ದೂರ ಅದರ ಬೆಳ್ಳಿ ಕಂಡಿತು. ಆಮೇಲೆ ಕಪ್ಪು ನೀರು. ಪೈಪು ಸರಸರ ನೀರಿಗೆ ಜಾರಿ ಬಿಗಿಯಾಯಿತು.

ಅನಂತು ಎದ್ದು ನಿಂತ. ಟೋಪಿಯೊಳಗೆ ಮೆಲ್ಲಗೆ, "ಕೇಳಿಸ್ತಿದೆ" ಅಂದ. ನಕ್ಕ. ಅವನು ನಕ್ಕಿದ್ದು ಕೇಳಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ಅವನೂ ಇಳಿಯೋಕೆ ಶುರು ಮಾಡಿದ.

ಮಂಡಿ ಮಟ್ಟ. ಸೊಂಟದ ಮಟ್ಟ. "ಅನಂತೂ!" ಅಂತ ಕಿರುಚಿದೆ. ಕೇಳಲಿಲ್ಲ. ಹೇಗೆ ಕೇಳತ್ತೆ? ಅರಗು, ಹತ್ತಿ, ಏಳು ಪದರ ಕಾಗದ. ಅಷ್ಟು ಚೆನ್ನಾಗಿ ಮಾಡಿದ್ದ ಮಹರಾಯ. ನಾನು ನೀರಿಗಿಳಿದೆ. ನನಗೆ ಈಜು ಬರಲ್ಲ ಅನ್ನೋದು ಎದೆ ಮಟ್ಟ ನೀರು ಬಂದ ಮೇಲೆ ನೆನಪಾಯಿತು. ಅವನ ಸೊಂಟ ಹಿಡಿದು ಎಳೆದೆ. ಕಲ್ಲಿನ ಕಂಬ ಎಳೆದ ಹಾಗಿತ್ತು.

ಸೊಂಟದ ಎಲೆ ಅಡಿಕೆ ಚೀಲದಲ್ಲಿ ಅಡಕತ್ತರಿ ಇತ್ತು. ಬಿಗಿದ ಪೈಪನ್ನ ಹಿಡಿದು ಕತ್ತರಿಸಿದೆ. ಕಟಕ್. ಬಲಗೈಯಲ್ಲಿ ಅವನ ಕಡೆಯ ತುದಿ, ಎಡಗೈಯಲ್ಲಿ ನೀರಿನ ಕಡೆಯದು. ಬಲಗೈಯದಕ್ಕೆ ಬಾಯಿಟ್ಟೆ.

"ಅನಂತು. ನಾಣಿ ಕಣೋ. ಮನೆಗೆ ಹೋಗೋಣ ಬಾ."

ಅವನು ನಿಂತ. ಪೈಪಿನಲ್ಲಿ ಅವನ ಉಸಿರು ಕೇಳಿಸಿತು. ಹುಫ್… ಹುಫ್…

"ಯಾವ ಮನೆ?"

"ನಮ್ಮನೆ. ನಿನ್ನ ಚಿಕ್ಕಮ್ಮನ ಮನೆ."

"ಅವರು ಒಬ್ಬರೇ ಇದ್ದಾರೆ ಕಣೋ."

ಮಕ್ಕಳಾ, ನನಗೆ ಯಾವ ಮಾತಿಗೂ ತಿರುಗಿ ಹತ್ತು ಮಾತು ಬರತ್ತೆ. ಅವತ್ತು ಬಂದದ್ದು ಇಷ್ಟೇ. "ನೀನೂ ಒಬ್ಬನೇ ಇದ್ದೆ. ಬೇಲೂರಿಂದ ಇಲ್ಲಿಗೆ ಒಂದು ಬಸ್ಸಿನ ದಾರಿ. ನಾನು ಎರಡು ವರ್ಷ ಬರಲಿಲ್ಲ. ತಪ್ಪಾಯ್ತು. ಬಾರೋ."

ಅವನು ತಿರುಗಿದ. ಮೇಲಕ್ಕೆ ಒಂದು ಹೆಜ್ಜೆ ಇಟ್ಟ. ನನ್ನ ಕೈ ಹಿಡಿದ.

ಎಡಗೈಯಲ್ಲಿ ಇನ್ನೊಂದು ತುದಿ ಹಾಗೇ ಇತ್ತು. ಅದನ್ನ ಬಿಟ್ಟುಬಿಡಬೇಕಿತ್ತು. ಕಿವಿಗೆ ಇಟ್ಟೆ.

"ಕೇಳಿಸ್ತಿದೆಯಾ?…" ಸಣ್ಣ ದನಿ, ಬಹಳ ಹತ್ತಿರ. "ಕೇಳಿಸ್ತಿದೆಯಾ?…"

ಎರಡು ಸಲ. ಮೂರನೇ ಸಲಕ್ಕೆ ಮುಂಚೆ ಪೈಪು ನನ್ನ ಕೈಯಿಂದ ತಾನೇ ಜಾರಿತು. ಗುಳುಕ್ ಅಂತ ಒಂದು ಗುಳ್ಳೆ. ಅಷ್ಟೆ. ನಾನು ಉತ್ತರ ಕೊಡಲಿಲ್ಲ. ಈಗಲೂ ಒಂದೊಂದು ರಾತ್ರಿ ಅದು ಸರಿಯೋ ತಪ್ಪೋ ಅಂತ ಯೋಚನೆ ಬರತ್ತೆ.

ಅನಂತು ಮಾರನೇ ದಿನವೇ ಬೇಲೂರಿಗೆ ಬಂದ. ಅಲ್ಲಿಂದಲೇ ಬಸ್ಸಿನಲ್ಲಿ ಸ್ಕೂಲಿಗೆ ಹೋಗಿ ಬರ್ತಿದ್ದ. ಮಾತು ಹೆಚ್ಚೇನೂ ಆಗಲಿಲ್ಲ, ಆದರೆ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು ಊಟ ಮಾಡ್ತಿದ್ದ.

ಬೇಸಿಗೆಯಲ್ಲಿ ಕಲ್ಯಾಣಿ ನೀರು ತಳಕ್ಕಿಳಿಯಿತು. ಒಂದು ಮಧ್ಯಾಹ್ನ ದೇವೀರಪ್ಪ ಬೇಲೂರಿನ ನಮ್ಮ ಮನೆಗೆ ಗೋಣಿಯಲ್ಲಿ ಸುತ್ತಿಕೊಂಡು ಏನೋ ತಂದ. ಅನಂತು ಸ್ಕೂಲಿಗೆ ಹೋಗಿದ್ದ. "ಕೊನೇ ಮೆಟ್ಲು ಮ್ಯಾಲೆ ಮಡಗಿದಂಗೆ ಇತ್ತು, ಸ್ವಾಮೇರ. ನಿಮ್ಮದೇ ಅಲ್ವರಾ?" ಅಂದ.

ಸಣ್ಣ ಟೋಪಿ. ಕಾಗದ ಮತ್ತು ಮೆಂತ್ಯದ್ದು, ನಾಲ್ಕೂವರೆ ತಿಂಗಳು ನೀರಲ್ಲಿ ಇದ್ದದ್ದು. ಎರಡೇ ದಿನಕ್ಕೆ ಕರಗಿ ಗಂಜಿಯಾಗಬೇಕಿತ್ತು. ಗಟ್ಟಿಯಾಗಿತ್ತು. ತಿರುಗಿಸಿ ಒಳಗೆ ನೋಡಿದೆ. ಅನಂತು ಮೈದಾ ಅಂಟಿನಲ್ಲಿ ಮೆತ್ತಿದ್ದ ಹತ್ತಿ ಬಿಟ್ಟುಕೊಂಡಿರಬೇಕು. ಅದನ್ನ ಯಾರೋ ಸುತ್ತಲೂ ಕೆಂಪು ದಾರದಲ್ಲಿ ಹೊಲಿದಿದ್ದರು. ಎಳ್ಳಿನಷ್ಟು ಸಣ್ಣ ಸಣ್ಣ ಹೊಲಿಗೆ, ಎಲ್ಲ ಒಂದೇ ಅಳತೆ. ನಮ್ಮಮ್ಮನಿಗೆ ತೋರಿಸಿದೆ. ಇಂಥ ಕೈ ನಮ್ಮ ಕಡೆ ಯಾರದೂ ಇಲ್ಲ ಅಂದಳು.

ನಾನು ಸುಳ್ಳು ಹೇಳೋನೇ ಆಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ. ಅದು ನಿಮಗೇ ಗೊತ್ತು. ಇದು ನಡೆದದ್ದು. ಹೊಲಿಗೆ ಪೂರ್ತಿ ಆಗಿರಲಿಲ್ಲ. ನಾಲ್ಕು ಬೆರಳಿನಷ್ಟು ಬಾಕಿ ಇತ್ತು. ಅಲ್ಲಿ ದಾರದ ತುದಿಯಲ್ಲಿ ಸೂಜಿ ಹಾಗೇ ನೇತಾಡ್ತಿತ್ತು… ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ.