ಎದುರಂಗಡಿಯ ಕನ್ನಡಕ

ಮಾನ್ಯ ಅಧ್ಯಕ್ಷರೇ, ವಿದ್ಯಾರ್ಥಿ ವಿನಿಮಯ ಸಮಿತಿಯ ಸದಸ್ಯರೇ, ಒಂದು ವರ್ಷ ಬೇರೆ ದೇಶದಲ್ಲಿ, ಬೇರೆಯವರ ಮನೆಯಲ್ಲಿದ್ದು ಓದಲು ಹೊರಟಿರುವ ಮಕ್ಕಳೇ, ಆ ಮಕ್ಕಳಿಗಿಂತ ಹೆಚ್ಚು ಗಾಬರಿಯಾಗಿರುವ ತಂದೆತಾಯಿಗಳೇ, ಮತ್ತು ಕೊನೆಯ ಸಾಲಿನವರೆಗೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಪೋಷಕರ ಪರವಾಗಿ ಎರಡು ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಯೋಚನೆ ಬಂದದ್ದು ಆಮೇಲೆ. ದೂರದೇಶದ ಬಗ್ಗೆ ಮಾತಾಡಲು ನನಗೇನು ಅರ್ಹತೆ? ನಾನು ಹುಟ್ಟಿದ್ದು ನಮ್ಮ ಕನ್ನಡಕದ ಅಂಗಡಿಯ ಮೇಲಿನ ಮನೆಯಲ್ಲಿ. ಮದುವೆಯಾದಾಗಲೂ ನಾನು ಹೋಗಲಿಲ್ಲ, ಯಜಮಾನರೇ ಬಂದರು. ನನ್ನ ಜೀವನದ ದೊಡ್ಡ ಪ್ರಯಾಣವೆಂದರೆ ಮಹಡಿಯಿಂದ ಅಂಗಡಿಗೆ ಇಳಿಯುವುದು.

ಆದರೆ ಕಣ್ಣಿನ ಬಗ್ಗೆ ಮಾತಾಡಬಲ್ಲೆ. ಈ ಸಭಾಂಗಣದಲ್ಲಿ ಅರ್ಧ ಜನರ ಮೂಗಿನ ಮೇಲೆ ಕುಳಿತಿರುವುದು ನಮ್ಮ ಅಂಗಡಿಯ ಕನ್ನಡಕ. ಉಳಿದರ್ಧ ಎದುರಂಗಡಿಯವರದು. ಅವರೂ ಬಂದಿದ್ದಾರೆ, ಅಲ್ಲಿ ಕಂಬದ ಪಕ್ಕ ನಗುತ್ತಿದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊರಟಿರುವ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ಈ ಬೇಸಿಗೆ ರಜೆಯ ಕೊನೆಯ ದಿನಗಳಲ್ಲಿ ಅವಳನ್ನು ತಯಾರು ಮಾಡಬೇಕೆಂದು ನಾನು ಟೊಂಕ ಕಟ್ಟಿ ನಿಂತೆ. ಗುಂಡಿ ಹೊಲಿಯುವುದು, ಬಟ್ಟೆ ಮಡಚುವುದು, ಅಪರಿಚಿತರ ಹತ್ತಿರ ದಾರಿ ಕೇಳುವುದು. ಕೊನೆಗೆ ಒಂದು ದಿನ, ಊರಿನ ಆ ತುದಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಾ ಎಂದೆ. ಅವಳು ಹೊರಟಳು. ನಾನೂ ಹೊರಟೆ, ಅವಳಿಗೆ ಗೊತ್ತಿಲ್ಲದ ಹಾಗೆ. ಒಬ್ಬಳೇ ಹೋಗಲು ಕಲಿಯಬೇಕು ಎಂದು ಕಳುಹಿಸಿದವಳೇ ಬಸ್ ನಿಲ್ದಾಣದ ಪಕ್ಕದ ಔಷಧಿ ಅಂಗಡಿಯ ಬಾಗಿಲ ಮರೆಯಲ್ಲಿ ನಿಂತೆ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಇರಲಿ.

ಅವಳು ಹತ್ತಬೇಕಾದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದು ತಿರುವಿನಲ್ಲಿ ಕಂಡಾಗ ಅವಳು ರಸ್ತೆಯ ಅಂಚಿಗೆ ಬಂದು, ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿದಳು.

ಸಭಿಕರೇ, ಕಣ್ಣು ಕಿರಿದು ಮಾಡುವವರನ್ನು ಗುರುತು ಹಿಡಿದೇ ನಮ್ಮ ಮನೆ ಎರಡು ತಲೆಮಾರಿನಿಂದ ನಡೆಯುತ್ತಿದೆ. ನನ್ನ ಮಗಳಿಗೆ ಬಸ್ಸಿನ ನಂಬರ್ ಕಾಣುತ್ತಿರಲಿಲ್ಲ.

ಹೇಗೆ ಸಾಧ್ಯ? ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಅವಳ ಕಣ್ಣು ಪರೀಕ್ಷೆ ಮಾಡುವವಳು ನಾನೇ. ಗಿರಾಕಿಗಳನ್ನು ಯಂತ್ರದ ಮುಂದೆ ಕೂರಿಸುತ್ತೇವೆ. ಮನೆಯವರಿಗೆ ಯಂತ್ರವೇಕೆ, ಗೋಡೆಯ ಮೇಲಿನ ಅಕ್ಷರದ ಫಲಕ ಸಾಕು. ಅವಳು ಪ್ರತಿ ವರ್ಷವೂ ಕೊನೆಯ ಸಾಲಿನವರೆಗೆ ಗಡಗಡ ಓದುತ್ತಿದ್ದಳು. ಆ ಸಂಜೆಯೂ ಓದಿದಳು.

ನಾನು ಫಲಕವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ, ಅದರ ಬೆನ್ನಿನ ಮೇಲೆ ಬೇರೆ ಅಕ್ಷರಗಳನ್ನು ಬರೆದೆ. ಮೂರನೆಯ ಸಾಲಿಗೆ ನಿಂತಳು.

"ಅಮ್ಮ, ಇದು ನಮ್ಮ ಬೋರ್ಡ್ ಅಲ್ಲ" ಎಂದಳು.

ಆಗ ಅರ್ಥವಾಯಿತು. ಅವಳು ಅಕ್ಷರ ಕಲಿತದ್ದೇ ಆ ಫಲಕದಿಂದ. ಕಾಲು ನೆಲಕ್ಕೆ ಎಟುಕದ ವಯಸ್ಸಿನಲ್ಲಿ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕುಳಿತು, ಬಂದ ಗಿರಾಕಿಗಳ ಜೊತೆ ತಾನೂ ಹಾಡಿನಂತೆ ಓದುತ್ತಿದ್ದಳು. ಅವಳೇನೂ ನನಗೆ ಮೋಸ ಮಾಡಲಿಲ್ಲ. "ನಂಗೆ ಕಾಣ್ತಾ ಇದೆ ಅಂತಲೇ ಅಂದ್ಕೊಂಡಿದ್ದೆ ಅಮ್ಮ. ದೂರದ್ದು ಎಲ್ಲರಿಗೂ ಮಸುಕಾಗೇ ಕಾಣುತ್ತೆ ಅಲ್ವಾ?" ಎಂದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನಮ್ಮ ದೀಪಕ್ಕೆ ಅಂಗಡಿ, ಬೋರ್ಡು ಎಲ್ಲ ಇತ್ತು.

ಆ ಕ್ಷಣ ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? "ಈ ವರ್ಷ ಬೇಡ. ಮುಂದಿನ ವರ್ಷ ನೋಡೋಣ." ಎಷ್ಟು ಬೇಗ ಬಂತೆಂದರೆ, ಅದು ಬಹಳ ದಿನಗಳಿಂದ ನಾಲಿಗೆಯ ತುದಿಯಲ್ಲೇ ಕಾದಿತ್ತೇನೋ. ಅವಳ ಮುಖ ಬಾಡಿತು. ಮುಂದಿನ ವರ್ಷ ಈ ಜಾಗ ಇನ್ನೊಂದು ಮಗುವಿನದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳು ಹೇಳಿದಳು: "ಕನ್ನಡಕ ಹಾಕ್ಬೇಕಾಗಿರೋದು ಕಣ್ಣಿಗೆ. ನೀನು ಕಾಲಿಗೆ ಬೇಡಿ ಹಾಕ್ತಾ ಇದ್ದೀಯ."

ಇಂಥ ನಾಲಿಗೆ ಇರುವ ಹುಡುಗಿಯನ್ನು ಸಾಕಿಕೊಳ್ಳುವ ಆ ದೂರದ ಮನೆಯವರನ್ನು ನೆನೆದರೆ ನನಗೆ ಕನಿಕರ.

ಸರಿ ಎಂದು ಅವಳನ್ನು ಯಂತ್ರದ ಮುಂದೆ ಕೂರಿಸಿ, ಆಮೇಲೆ ಮುಖಕ್ಕೆ ಪರೀಕ್ಷೆಯ ಚೌಕಟ್ಟು ಹಾಕಿ, ಒಂದೊಂದೇ ಗಾಜು ಬದಲಿಸುತ್ತಾ ಕೇಳಿದೆ: "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" ಅವಳು ಫಲಕ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ನನ್ನ ಹುಬ್ಬು ಇಳಿದರೆ "ಇದೇ" ಎನ್ನುತ್ತಿದ್ದಳು, ಗಂಟಿಕ್ಕಿದರೆ "ಇಲ್ಲ, ಅದೇ". ಇಷ್ಟು ವರ್ಷ ಅವಳು ಫಲಕವೊಂದನ್ನೇ ಬಾಯಿಪಾಠ ಮಾಡಿರಲಿಲ್ಲ.

ಮರುದಿನ ನಾನು ರಸ್ತೆ ದಾಟಿದೆ.

ನಮ್ಮ ಅಪ್ಪನ ಕಾಲದಿಂದ ನಾವು ಯಾರೂ ಎದುರಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಮಗಳ ಕೈ ಹಿಡಿದು ಒಳಗೆ ಹೋದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಏನಕ್ಕ, ಅಂಗಡಿ ತಪ್ಪಿ ಬಂದ್ರಾ? ನಿಮ್ಮದು ಆ ಕಡೆ."

"ತಪ್ಪಿಲ್ಲ. ನನ್ನ ಮಗಳ ಕಣ್ಣು ನೋಡಿ."

"ನಾನು ನೋಡ್ಬೇಕಾ? ನಾಳೆ ಊರೆಲ್ಲ ನಿಮ್ಮ ಬಗ್ಗೆ ಆಡ್ಕೊಳ್ಳುತ್ತೆ."

"ಆಡ್ಕೊಳ್ಳೋಕೆ ನೀವಿದ್ದೀರಲ್ಲ, ಊರು ಯಾಕೆ ಬೇಕು? ನೋಡಿ."

ಪುಣ್ಯಾತ್ಮರು ಅವಳನ್ನು ಒಳಗೆ ಕರೆದೊಯ್ದು ಕೂರಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು. "ಇಲ್ಲ ಅಂಕಲ್, ಮೊದಲಿನದೇ ಸರಿ. ಇನ್ನೊಂದ್ಸಲ ತೋರಿಸಿ. ಇಲ್ಲ, ಈ ಕಣ್ಣಿಗೆ ಇನ್ನೂ ಸ್ವಲ್ಪ ಬೇಕು." ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಅಥವಾ ನನ್ನ ಮುಂದೆ ಆ ದನಿಯ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಬೇಡ ಎಂದು ನಾನು ಹೇಳಿದ್ದ ಮಾತನ್ನು ಆ ಬೆಂಚಿನ ಮೇಲೇ ಬಿಟ್ಟು ಎದ್ದೆ.

ಮಕ್ಕಳನ್ನು ಪರರ ಮನೆಗೆ ಏಕೆ ಕಳುಹಿಸುತ್ತೀರಿ ಎಂದು ಅನೇಕರು ಕೇಳುತ್ತಾರೆ. ತಂದೆತಾಯಿಗಳೇ, ನಮ್ಮ ಮುಖ ನೋಡಿ ಉತ್ತರ ಹೇಳುವುದನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿತಿದ್ದಾರೆ. ಇನ್ನು ಹೊಸ ಮುಖಗಳ ಮುಂದೆ ಕುಳಿತು, ತಮಗೆ ಕಾಣುವುದು ಏನೆಂದು ತಾವೇ ಹೇಳಲಿ. ಹೇಳಬಲ್ಲರು. ನನಗೆ ಸಂಶಯವಿಲ್ಲ. ನನ್ನ ಸಂಶಯಗಳೆಲ್ಲ ನನ್ನ ಬಗ್ಗೆಯೇ.

ಮಗಳು ಕೊನೆಯ ಸಾಲಿನಲ್ಲಿದ್ದಾಳೆ. ಬೇಕೆಂದೇ ಅಲ್ಲಿ ಕುಳಿತಿದ್ದಾಳೆ. ನನ್ನ ಬೆನ್ನ ಹಿಂದಿನ ಈ ಬ್ಯಾನರಿನಲ್ಲಿ ಏನಿದೆ ಓದು ಎಂದು ನಾನು ಕೇಳುವುದಿಲ್ಲ, ಅಭ್ಯಾಸ ಬಿಟ್ಟಿದ್ದೇನೆ. ಈ ಬೇಸಿಗೆಯ ಮೊದಲಾಗಿದ್ದರೆ ಈ ಮಾತು ಮುಗಿಸುವಾಗ ನಾನು ನಿಶ್ಚಿಂತೆಯಿಂದ ಕಣ್ಣೀರು ಹಾಕಬಹುದಿತ್ತು, ಅಷ್ಟು ದೂರಕ್ಕೆ ಅವಳಿಗೆ ಕಾಣುತ್ತಿರಲಿಲ್ಲ. ಈಗ ಕಾಣುತ್ತದೆ. ಎದುರಂಗಡಿಯವರು ಕೆಲಸ ಅಚ್ಚುಕಟ್ಟಾಗಿ ಮಾಡಿದ್ದಾರೆ.

ಆದ್ದರಿಂದ ನಗುತ್ತಲೇ ಮುಗಿಸುತ್ತೇನೆ. ಕೇಳಿಸಿಕೊಂಡ ನಿಮಗೂ, ಮೈಕು ಕೊಟ್ಟ ಸಮಿತಿಗೂ, ಕಂಬದ ಪಕ್ಕ ಕುಳಿತವರಿಗೂ ನನ್ನ ಕೃತಜ್ಞತೆಗಳು. ಮಕ್ಕಳೇ, ಹೋಗಿ ಬನ್ನಿ. ನಮಸ್ಕಾರ.